ಬೈಕ್ ಟ್ರೇಲರ್‌ನ ಎಲೆಕ್ಟ್ರಿಕ್ ಬ್ರೇಕ್ ಹಿಡಿಯುತ್ತಿಲ್ಲವೇ? ಕರೆಂಟ್ ಹರಿಸಿ ಅಳೆಯಿರಿ

ಮುಂಗಾರು ಶುರುವಾಗುವ ಮುಂಚೆ ಅಣ್ಣಿಗೇರಿ ಕಡೆಯ ಒಬ್ಬ ರೈತ ಹುಡುಗ ಹುಬ್ಬಳ್ಳಿಯ ನನ್ನ ಅಂಗಡಿಗೆ ಬಂದ. ಬುಲೆಟ್ ಹಿಂದೆ ಎರಡು ಗಾಲಿಯ ಸಣ್ಣ ಟ್ರೇಲರ್. ಅದರ ಮೇಲೆ 200 ಲೀಟರ್ ನೀರಿನ ಡ್ರಮ್. ಹೊಲಕ್ಕೆ ಔಷಧಿ ಹೊಡೆಯಲು ನೀರು ಒಯ್ಯೋದು ಅದರಲ್ಲೇ. ಡ್ರಮ್ ತುಂಬಿದರೆ ನೀರೇ 200 ಕಿಲೋ ಆಯಿತು. ಹಳ್ಳದ ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಆ ತೂಕ ಹಿಂದಿನಿಂದ ಬೈಕನ್ನು ನೂಕುತ್ತದೆ. ಅದಕ್ಕೇ ಅವನು ಹೊರದೇಶದಲ್ಲಿರುವ ಸಂಬಂಧಿಕರ ಕೈಯಿಂದ 7 ಇಂಚಿನ ಎಲೆಕ್ಟ್ರಿಕ್ ಬ್ರೇಕ್ ಸೆಟ್ ತರಿಸಿ ಕೂರಿಸಿದ್ದ.

'ಬ್ರೇಕ್ ಹಿಡೀವಲ್ದು ನೋಡ್ರಿ ಅಣ್ಣಾರ. ಮೀಟರ್‌ನ್ಯಾಗ ಹನ್ನೆರಡು ವೋಲ್ಟ್ ಬರ್ತೈತಿ, ಗಾಲಿ ಮಾತ್ರ ನಿಲ್ಲವಲ್ದು' ಅಂದ.

ಬ್ರೇಕಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳುವ ಕಂಟ್ರೋಲರನ್ನು ಆಗಲೇ ಒಂದು ಸಲ ಬದಲಿಸಿದ್ದ. ಒಂದು ಕಡೆಯ ಮ್ಯಾಗ್ನೆಟ್ ಕೂಡ ಹೊಸದು ಹಾಕಿಸಿದ್ದ. ಎರಡೂ ದುಬಾರಿ ಸಾಮಾನು, ಎರಡೂ ಇಲ್ಲಿ ಸುಲಭವಾಗಿ ಸಿಗುವಂಥವಲ್ಲ. ದೋಷ ಎರಡರಲ್ಲೂ ಇರಲಿಲ್ಲ. ಇಂಥ ಖರ್ಚು ಇನ್ನೊಬ್ಬರಿಗೆ ಬರಬಾರದು. ಆ ದಿನ ಏನೇನು ನೋಡಿದೆವು, ಯಾವ ಕ್ರಮದಲ್ಲಿ ನೋಡಿದೆವು ಅನ್ನೋದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಇದು ಕೆಲಸ ಮಾಡೋದು ಹೇಗೆ

ಗಾಲಿಯ ಬ್ರೇಕ್ ಡ್ರಮ್ ಒಳಗೆ ಸಾದಾ ಬ್ರೇಕ್ ಶೂಗಳೇ ಇರುತ್ತವೆ. ಅವನ್ನು ಅಗಲಿಸಲು ಕೇಬಲ್ ಇಲ್ಲ, ಆಯಿಲ್ ಇಲ್ಲ. ಒಂದು ತೋಳು ಇರುತ್ತದೆ, ತೋಳಿನ ತುದಿಯಲ್ಲಿ ಒಂದು ಮ್ಯಾಗ್ನೆಟ್. ಕರೆಂಟ್ ಬಂದಾಗ ಮ್ಯಾಗ್ನೆಟ್ ತಿರುಗುವ ಡ್ರಮ್ಮಿಗೆ ಅಂಟುತ್ತದೆ. ಡ್ರಮ್ ಅದನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ, ತೋಳು ತಿರುಗುತ್ತದೆ, ಶೂ ಅಗಲಿ ಡ್ರಮ್ಮಿಗೆ ಒತ್ತುತ್ತದೆ. ಕರೆಂಟ್ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ.

ಬೈಕಿನಲ್ಲಿ ಕೂರಿಸಿದ ಕಂಟ್ರೋಲರ್‌ಗೆ ಸಾಮಾನ್ಯವಾಗಿ ನಾಲ್ಕು ವೈರ್. ಕಪ್ಪು ಬ್ಯಾಟರಿ ಪ್ಲಸ್‌ಗೆ, ಬಿಳಿ ಬ್ಯಾಟರಿ ಮೈನಸ್‌ಗೆ, ಕೆಂಪು ಸ್ಟಾಪ್ ಲೈಟ್ ಸ್ವಿಚ್‌ನಿಂದ, ನೀಲಿ ಟ್ರೇಲರ್‌ನ ಮ್ಯಾಗ್ನೆಟ್‌ಗಳಿಗೆ. ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನಮ್ಮ ಕಡೆ ಕಪ್ಪು ಅಂದರೆ ಮೈನಸ್ ಅಂತ ಕೈಗೆ ರೂಢಿ ಆಗಿಬಿಟ್ಟಿದೆ. ಈ ಕಂಟ್ರೋಲರ್‌ಗಳಲ್ಲಿ ಕಪ್ಪು ಪ್ಲಸ್. ರೂಢಿ ನಂಬಿ ಜೋಡಿಸಿದರೆ ಕಂಟ್ರೋಲರ್ ಸುಟ್ಟೀತು. ಅದರ ಜೊತೆ ಬಂದ ಚೀಟಿ ನೋಡಿಯೇ ಜೋಡಿಸಿ.

12 ವೋಲ್ಟ್ ತೋರಿಸಿದರೆ ಸಾಕಾಗುವುದಿಲ್ಲ

ಆ ಹುಡುಗ ಅಳೆದಿದ್ದು ಹೇಗೆ ಅಂತ ಕೇಳಿದೆ. ಬೈಕಿನಿಂದ ಟ್ರೇಲರ್‌ಗೆ ವೈರ್ ಜೋಡಿಸುವ ಪ್ಲಗ್ ಬಿಚ್ಚಿ, ಬ್ರೇಕ್ ಒತ್ತಿ, ನೀಲಿ ವೈರಿನ ಪಿನ್ನಿಗೆ ಮೀಟರ್ ಹಿಡಿದಿದ್ದ. 12.5 ಬಂತು, ವೈರಿಂಗ್ ಸರಿ ಇದೆ ಅಂದುಕೊಂಡ. ತುಂಬಾ ಜನ ಇಲ್ಲೇ ದಾರಿ ತಪ್ಪೋದು.

ಟ್ಯಾಂಕಿನ ಪೈಪನ್ನು ಎಲ್ಲೋ ಮಡಚಿ ನೋಡಿ. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ನೀರು ಸಣ್ಣಗಾಗುತ್ತದೆ. ಮಡಿಕೆ ಎಲ್ಲಿದೆ ಅಂತ ತಿಳಿಯಬೇಕಾದರೆ ನೀರು ಹರಿಯಲೇಬೇಕು. ಮೀಟರ್ ಎಳೆಯುವ ಕರೆಂಟ್ ಇಲ್ಲ ಅನ್ನುವಷ್ಟು ಕಡಿಮೆ. ಇಡೀ ವೈರ್ ಕೊಳೆತು ಒಂದೇ ಎಳೆ ಉಳಿದಿದ್ದರೂ ಅದು 12 ಅಂತಲೇ ತೋರಿಸುತ್ತದೆ. ವೈರ್ ಕಡಿದಿಲ್ಲ ಅಂತ ತಿಳಿಯಲು ಮೀಟರ್‌ನಲ್ಲಿ ಕಂಟಿನ್ಯುಟಿ ನೋಡುವಾಗ ಬರುವ 'ಕುಂಯ್' ಸದ್ದಿನ ಕಥೆಯೂ ಇದೇ.

7 ಇಂಚಿನ ಬ್ರೇಕಿನ ಮ್ಯಾಗ್ನೆಟ್ ರೆಸಿಸ್ಟೆನ್ಸ್ ಸುಮಾರು 3.9 ಓಮ್ ಇರುತ್ತದೆ. ಇನ್ನೂ ದೊಡ್ಡ ಬ್ರೇಕಿನವು ಸುಮಾರು 3.2 ಓಮ್. 12 ವೋಲ್ಟ್ ಪೂರ್ತಿ ತಲುಪಿದರೆ 3.9 ಓಮ್‌ನ ಒಂದು ಮ್ಯಾಗ್ನೆಟ್ 3 ಆಂಪಿಯರ್ ಚಿಲ್ಲರೆ ಎಳೆಯುತ್ತದೆ. ಎರಡು ಸೇರಿದರೆ 6 ಆಂಪಿಯರ್. ಅಷ್ಟು ಕರೆಂಟ್ ಹರಿಯುತ್ತಿರುವಾಗ ಮ್ಯಾಗ್ನೆಟ್‌ನ ಬಾಯಲ್ಲಿ ಎಷ್ಟು ವೋಲ್ಟ್ ಉಳಿದಿದೆ? ನಾವು ಕೇಳಬೇಕಾದ ಪ್ರಶ್ನೆ ಅದು.

ಅಳೆಯುವ ಬಗೆ

ಬೇಕಾಗುವುದು ಒಂದು ಸಾದಾ ಮಲ್ಟಿಮೀಟರ್, ಮೂರ್ನಾಲ್ಕು ಮೀಟರ್ ಉದ್ದದ ಒಂದು ವೈರ್, ಅದರ ತುದಿಗೆ ಮೊಸಳೆ ಕ್ಲಿಪ್. ಬ್ಯಾಟರಿ ಬೈಕಿನಲ್ಲಿ, ಮ್ಯಾಗ್ನೆಟ್ ಟ್ರೇಲರ್‌ನಲ್ಲಿ. ಮೀಟರ್‌ನ ಕಡ್ಡಿ ಅಲ್ಲಿಂದ ಇಲ್ಲಿಗೆ ಮುಟ್ಟುವುದಿಲ್ಲ, ಅದಕ್ಕೆ ಈ ಉದ್ದದ ವೈರ್. ತೆಳ್ಳಗಿದ್ದರೂ ನಡೆಯುತ್ತದೆ.

ಟ್ರೇಲರ್ ಗಾಲಿಗೆ ಕಲ್ಲು ಕೊಡಿ. ಪ್ಲಗ್ ಹಾಕಿ, ಎಲ್ಲ ಜೋಡಿಸಿಯೇ ಇರಲಿ. ಇಂಜಿನ್ ಬಂದ್ ಇರಲಿ. ಇನ್ನೊಬ್ಬರು ಕಂಟ್ರೋಲರ್‌ನ ಕೈ ಬಟನ್ ಪೂರ್ತಿ ಒತ್ತಿ ಹಿಡಿಯಲಿ. ಪೂರ್ತಿ ಅಂದರೆ ಪೂರ್ತಿ, ಪವರ್ ಸೆಟ್ಟಿಂಗ್ ಕೂಡ ತುದಿಯಲ್ಲಿರಲಿ. ಅರ್ಧ ಒತ್ತಿದಾಗ ಕಂಟ್ರೋಲರ್ ಕರೆಂಟನ್ನು ಕ್ಷಣಕ್ಕೆ ನೂರಾರು ಸಲ ಕಡಿದು ಕಡಿದು ಕಳಿಸುತ್ತದೆ. ಆಗ ಸಾದಾ ಮೀಟರ್ ತೋರಿಸುವ ಅಂಕಿ ನಂಬುವಂಥದ್ದಲ್ಲ.

ಈಗ ನಾಲ್ಕು ಕಡೆ ಅಳೆಯಬೇಕು. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ. ಮ್ಯಾಗ್ನೆಟ್‌ನ ಎರಡು ವೈರ್ ನಡುವೆ. ಬ್ಯಾಟರಿ ಪ್ಲಸ್‌ನಿಂದ ಮ್ಯಾಗ್ನೆಟ್‌ಗೆ ಬರುವ ವೈರಿನ ತನಕ. ಕೊನೆಗೆ ಮ್ಯಾಗ್ನೆಟ್‌ನ ಅರ್ಥ್ ವೈರಿನಿಂದ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನಿಂದ, ಬ್ಯಾಟರಿ ಮೈನಸ್ ತನಕ. ಕೊನೆಯ ಎರಡು ಅಂಕಿ ದಾರಿಯಲ್ಲಿ ಕಳೆದುಹೋದ ವೋಲ್ಟ್.

ಆ ದಿನ ಬಂದ ಅಂಕಿಗಳು ನನಗೆ ಈಗಲೂ ನೆನಪಿವೆ. ಬ್ಯಾಟರಿ 12.4. ಮ್ಯಾಗ್ನೆಟ್ 7.1. ಪ್ಲಸ್ ದಾರಿಯಲ್ಲಿ ಹೋಗಿದ್ದು 0.7. ಅರ್ಥ್ ದಾರಿಯಲ್ಲಿ ಹೋಗಿದ್ದು 4.6. ಕೂಡಿಸಿ ನೋಡಿ, 7.1, 0.7, 4.6 ಸೇರಿದರೆ ಬ್ಯಾಟರಿಯ 12.4ಕ್ಕೆ ಸರಿಹೋಗುತ್ತದೆ. ಲೆಕ್ಕ ಕೂಡಿ ಬಂತು ಅಂದರೆ ಅಳತೆ ಸರಿ ಇದೆ ಅಂತ ಅರ್ಥ. ಕೂಡದಿದ್ದರೆ ಎಲ್ಲೋ ಕ್ಲಿಪ್ ಸರಿಯಾಗಿ ಹಿಡಿದಿಲ್ಲ, ಮತ್ತೆ ಅಳೆಯಿರಿ.

'ತಮ್ಮಾ, ನಿನ್ನ ಕರೆಂಟ್ ಹೋಗೂ ದಾರಿ ಚಲೋ ಐತಿ. ತಿರುಗಿ ಬರೂ ದಾರೀನ ಇಲ್ಲ' ಅಂದೆ.

ಅರ್ಥಿಂಗ್ ಹುಡುಕಾಟ

ಬೈಕಿನ ಹಿಂದಿನ ಮಡ್‌ಗಾರ್ಡ್ ಬ್ರಾಕೆಟ್‌ನಲ್ಲಿ ಒಂದು ಬೋಲ್ಟ್ ಇತ್ತು. ಪ್ಲಗ್‌ನ ಅರ್ಥ್ ಪಿನ್‌ನಿಂದ ಬಂದ ವೈರನ್ನು ಆ ಬೋಲ್ಟಿಗೆ ಬಿಗಿದಿದ್ದರು. ಪಾನಾ ಹಾಕಿ ಬಿಚ್ಚಿದೆ. ವಾಷರ್ ತೆಗೆದಾಗ ಕೆಳಗಿನ ಕಪ್ಪು ಬಣ್ಣ ಹಾಗೇ ಇತ್ತು, ಬಳೆಯ ಹಾಗೆ ದುಂಡಗೆ, ಮಿರಮಿರ ಹೊಳೆಯುತ್ತ. ಬೋಲ್ಟಿನ ಥ್ರೆಡ್ ಉಜ್ಜಿದ ಒಂದು ಕಡೆ ಮಾತ್ರ ಕೂದಲೆಳೆಯಷ್ಟು ಬಿಳಿ ಗೆರೆ. ಎರಡು ಮ್ಯಾಗ್ನೆಟ್‌ನ ಕರೆಂಟ್ ಅಷ್ಟು ಸಣ್ಣ ಗೆರೆಯ ಮೂಲಕ ವಾಪಸ್ ಬರಬೇಕಿತ್ತು.

ಟ್ರೇಲರ್ ಕಡೆಯೂ ಅದೇ ಕೆಲಸ. ಎರಡೂ ಮ್ಯಾಗ್ನೆಟ್‌ಗಳ ಒಂದೊಂದು ವೈರನ್ನು ಹತ್ತಿರದ ಚಾಸಿಸ್‌ಗೆ ಸ್ಕ್ರೂ ಹೊಡೆದು ಬಿಟ್ಟಿದ್ದರು. ಚಾಸಿಸ್‌ನಿಂದ ಬೈಕಿಗೆ ದಾರಿ ಯಾವುದು? ಟ್ರೇಲರನ್ನು ಬೈಕಿಗೆ ಸಿಕ್ಕಿಸುವ ಕೊಂಡಿಯ ಗುಂಡು ಮತ್ತು ಸರಪಳಿ. ಗುಂಡಿಗೆ ಗ್ರೀಸ್ ಹಚ್ಚಲೇಬೇಕು, ಹಚ್ಚಿದರೆ ಕರೆಂಟಿಗೆ ಅಡ್ಡಿ. ಜೊತೆಗೆ ರಸ್ತೆ ಹದಗೆಟ್ಟ ಕಡೆ ಗುಂಡು ಎಗರುತ್ತದೆ, ಎಗರಿದಾಗಲೆಲ್ಲ ಸಂಪರ್ಕ ಕಡಿಯುತ್ತದೆ. ಬ್ರೇಕ್ ಒಮ್ಮೆ ಜಗ್ಗಿ ಒಮ್ಮೆ ಬಿಟ್ಟಂತೆ ಆಗುತ್ತಿದ್ದರೆ ಮೊದಲ ಅನುಮಾನ ಇಲ್ಲೇ ಇರಲಿ. ಎರಡು ಗಾಲಿಯ ಬೈಕಿಗೆ ಹಿಂದಿನಿಂದ ಅಂಥ ಜಗ್ಗು ಬಂದರೆ ಏನಾಗುತ್ತದೆ ಅಂತ ಓಡಿಸುವವರಿಗೆ ಹೇಳಬೇಕಿಲ್ಲ.

ಮೀಟರ್ ಇಲ್ಲದೆಯೂ ಅರ್ಥಿಂಗ್ ದೋಷದ ಸುಳಿವು ಸಿಗುತ್ತದೆ. ಕತ್ತಲಲ್ಲಿ ಪಾರ್ಕಿಂಗ್ ಲೈಟ್ ಹಾಕಿ, ಟ್ರೇಲರ್ ಬ್ರೇಕ್ ಒತ್ತಿ. ಟ್ರೇಲರ್‌ನ ಟೇಲ್ ಲೈಟ್ ಮಂಕಾಯಿತೇ? ಹಾಕದೇ ಇರುವ ಇಂಡಿಕೇಟರ್ ಸಣ್ಣಗೆ ಹೊತ್ತಿತೇ? ಹಾಗಾದರೆ ಎಲ್ಲಕ್ಕೂ ಸೇರಿದ ಅರ್ಥ್ ದಾರಿ ಕಟ್ಟಿದೆ, ಕರೆಂಟ್ ಬೇರೆ ಬಲ್ಬುಗಳ ಮೂಲಕ ವಾಪಸ್ ಹೋಗಲು ನೋಡುತ್ತಿದೆ.

ಚಾಸಿಸ್ ಮೇಲೆ, ಗುಂಡಿನ ಮೇಲೆ ಭರವಸೆ ಇಡುವುದೇ ಬೇಡ. ಬ್ಯಾಟರಿ ಮೈನಸ್‌ನಿಂದ ಪ್ಲಗ್‌ನ ಅರ್ಥ್ ಪಿನ್‌ಗೆ ಒಂದು ವೈರ್. ಅಲ್ಲಿಂದ ಮ್ಯಾಗ್ನೆಟ್‌ಗಳ ತನಕ ಇನ್ನೊಂದು. ಇವುಗಳ ದಪ್ಪವೂ ಪ್ಲಸ್ ವೈರಿನಷ್ಟೇ ಇರಬೇಕು. ಚಾಸಿಸ್‌ಗೂ ಒಂದು ಕವಲು ಕೊಡಿ, ಆದರೆ ಅದು ಹೆಚ್ಚುವರಿ ಮಾತ್ರ.

ವೈರಿನ ದಪ್ಪದ ವಿಷಯ ಬಂತು, ಹೇಳಿಬಿಡುತ್ತೇನೆ. ಇಂಡಿಕೇಟರ್‌ಗೆ ಎಳೆಯುವ ತೆಳ್ಳನೆಯ ವೈರ್ ಇಲ್ಲಿ ನಡೆಯುವುದಿಲ್ಲ. 1 ಚದರ ಮಿಲಿಮೀಟರ್ ತಾಮ್ರದ ವೈರ್ ಹೋಗಿ ಬರುವ ದಾರಿ ಸೇರಿ 10 ಮೀಟರ್ ಇದ್ದರೆ, 6 ಆಂಪಿಯರ್ ಹರಿದಾಗ ಹೆಚ್ಚೂಕಡಿಮೆ 1 ವೋಲ್ಟ್ ವೈರಿನಲ್ಲೇ ಕರಗುತ್ತದೆ. 2.5 ಚದರ ಮಿಲಿಮೀಟರ್ ಹಾಕಿದರೆ ಅರ್ಧ ವೋಲ್ಟಿಗಿಂತ ಕಡಿಮೆ. ನಾನು 2.5ಕ್ಕಿಂತ ಕೆಳಗೆ ಹಾಕುವುದಿಲ್ಲ. ಪ್ಲಸ್ ವೈರಿಗೆ ಬ್ಯಾಟರಿ ಹತ್ತಿರವೇ 10 ಆಂಪಿಯರ್ ಫ್ಯೂಸ್. ಎರಡು ಮ್ಯಾಗ್ನೆಟ್‌ಗೆ ಅದು ಸರಿಹೋಗುತ್ತದೆ.

ಜಾಯಿಂಟ್ ಮತ್ತು ಪ್ಲಗ್

ಪ್ಲಸ್ ದಾರಿಯ 0.7 ಕೂಡ ನನಗೆ ಸಮಾಧಾನ ತರಲಿಲ್ಲ. ಅಷ್ಟು ಕಡಿಮೆ ಕರೆಂಟಿಗೆ 0.7 ಹೋಗುತ್ತಿದೆ ಅಂದರೆ, ಅರ್ಥಿಂಗ್ ಸರಿಪಡಿಸಿ ಕರೆಂಟ್ ಏರಿದ ಮೇಲೆ ಇನ್ನೂ ಜಾಸ್ತಿ ಹೋಗುತ್ತದೆ. ಪ್ಲಗ್ ಬಿಚ್ಚಿದೆವು. ಒಳಗೆ ಎರಿ ಮಣ್ಣು ಬೆಣ್ಣೆ ಮೆತ್ತಿದ ಹಾಗೆ ಕೂತಿತ್ತು. ನಮ್ಮ ಕಡೆಯ ಈ ಮಣ್ಣು ಹಸಿ ಇದ್ದಾಗ ಬಿಡದೆ ಅಂಟುತ್ತದೆ, ಒಣಗಿದರೆ ಕಲ್ಲಿನಂತೆ ಗಟ್ಟಿ. ಅದು ಹಿಡಿದಿಟ್ಟ ತೇವಕ್ಕೆ ಹಿತ್ತಾಳೆ ಪಿನ್‌ಗಳು ಹಸಿರಾಗಿದ್ದವು.

ನೀಲಿ ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ತಿಂಬಲ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಎರಡು ಬೆರಳಲ್ಲಿ ಹಿಡಿದು ಸಣ್ಣಗೆ ಎಳೆದೆ. ವೈರ್ ಹೊರಗೇ ಬಂತು. ಮೂರೋ ನಾಲ್ಕೋ ಎಳೆ ಮಾತ್ರ ತಾಮ್ರದ ಬಣ್ಣದಲ್ಲಿದ್ದವು. ಉಳಿದವೆಲ್ಲ ಕಿಲುಬು ಹಿಡಿದು ಹಸಿರು ಪುಡಿಯಾಗಿ ಅವನ ಅಂಗೈ ಮೇಲೆ ಉದುರಿದವು. ಅವನು ಅದನ್ನು ಬಹಳ ಹೊತ್ತು ನೋಡುತ್ತ ನಿಂತ.

ಕಿಲುಬು ಹಿಡಿದ ವೈರನ್ನು ಉಜ್ಜಿ ಮತ್ತೆ ಬಳಸಬೇಡಿ. ಕೆಂಪಗಿನ ತಾಮ್ರ ಕಾಣುವ ತನಕ ಹಿಂದಕ್ಕೆ ಕತ್ತರಿಸಿ. ಹೊಸ ತಿಂಬಲನ್ನು ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಪಕ್ಕಡದಿಂದ ಜಜ್ಜಬೇಡಿ. ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಸುಮ್ನೆ ಇನ್ಸುಲೇಶನ್ ಟೇಪ್ ಸುತ್ತಿದರೆ ಬೇಸಿಗೆಗೆ ಅಂಟು ಕರಗಿ ಸಡಿಲವಾಗುತ್ತದೆ, ಮಳೆಗೆ ಒಳಗೆ ನೀರು ನಿಲ್ಲುತ್ತದೆ. ಪಿನ್‌ಗಳಿಗೆ ತೆಳ್ಳಗೆ ವ್ಯಾಸಲಿನ್ ಹಚ್ಚಿ.

ಬೈಕಿಗೆ ಮಾತ್ರ ಇರುವ ಒಂದು ತೊಂದರೆ ಇದೆ. ಕಾರು ವಾಲುವುದಿಲ್ಲ, ಬೈಕು ತಿರುವಿನಲ್ಲಿ ವಾಲುತ್ತದೆ. ಕೊಂಡಿ ಹತ್ತಿರ ಕೇಬಲ್ ಪ್ರತಿ ಸಲ ಹಿಂಡಿದ ಬಟ್ಟೆಯ ಹಾಗೆ ತಿರುಚುತ್ತದೆ. ಹೊರಗಿನ ರಬ್ಬರ್ ಹಾಗೇ ಇದ್ದು ಒಳಗಿನ ತಾಮ್ರ ತುಂಡಾಗುತ್ತದೆ. ಇದನ್ನು ಹಿಡಿಯಲು ನಾನು ಹೆಡ್‌ಲೈಟಿನ ಹಳೇ ಎಚ್4 ಬಲ್ಬ್ ಇಟ್ಟುಕೊಂಡಿದ್ದೇನೆ. ಲೋ ಬೀಮ್ ಹೋಗಿ ಹೈ ಬೀಮ್ ಉಳಿದದ್ದಾದರೂ ಸಾಕು. 60 ವಾಟ್‌ನ ಆ ಫಿಲಮೆಂಟ್ 12 ವೋಲ್ಟಿಗೆ 5 ಆಂಪಿಯರ್ ಎಳೆಯುತ್ತದೆ, ಅಂದರೆ ಎರಡು ಮ್ಯಾಗ್ನೆಟ್‌ಗೆ ಹತ್ತಿರದ ಲೋಡ್. ಮ್ಯಾಗ್ನೆಟ್ ವೈರ್ ಬಿಚ್ಚಿ ಆ ಜಾಗಕ್ಕೆ ಇದನ್ನು ಜೋಡಿಸಿ, ಕೈ ಬಟನ್ ಒತ್ತಿಸಿ. ಇಬ್ಬರು ಹಿಡಿದು ಬೈಕನ್ನು ಎಡಕ್ಕೆ ಬಲಕ್ಕೆ ವಾಲಿಸಲಿ. ಬಲ್ಬ್ ಒಂದೇ ಒಂದು ಸಲ ಮಿಣುಕಿದರೂ ಕೇಬಲ್ ಬದಲಿಸಿ. ಬಲ್ಬ್ ಬೇಗ ಕಾಯುತ್ತದೆ, ಸೀಟ್ ಮೇಲೆ ಇಡಬೇಡಿ.

ಮ್ಯಾಗ್ನೆಟ್

ವೈರಿಂಗ್ ಸರಿ ಅಂತ ಲೆಕ್ಕ ಕೂಡಿ ಬಂದ ಮೇಲೆ ಮಾತ್ರ ಮ್ಯಾಗ್ನೆಟ್ ನೋಡಿ. ವೈರ್ ಬಿಚ್ಚಿ ಓಮ್ ಅಳೆಯಿರಿ. ಅದಕ್ಕೂ ಮೊದಲು ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ, ಬರುವ ಅಂಕಿಯನ್ನು ಕೊನೆಗೆ ಕಳೆಯಬೇಕು. ಇಷ್ಟು ಸಣ್ಣ ಅಳತೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಒಂದು ಗಾಲಿಯದು 3.9, ಇನ್ನೊಂದರದು 2 ಬಂದರೆ ಎರಡನೆಯದರ ಸುರುಳಿ ಒಳಗೇ ಶಾರ್ಟ್ ಆಗಿದೆ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಆದರೆ ಬಿಸಾಡುವ ಮೊದಲು ತೋಳಿನ ಹತ್ತಿರ ವೈರ್ ಬಾಗುವ ಜಾಗ ನೋಡಿ, ಎಷ್ಟೋ ಸಲ ತುಂಡಾಗೋದು ಅಲ್ಲೇ.

ಆಮೇಲೆ ಮ್ಯಾಗ್ನೆಟ್‌ನ ಒಂದು ವೈರಿಗೂ ಅದರ ಕಬ್ಬಿಣದ ಮೈಗೂ ನಡುವೆ ಅಳೆಯಿರಿ. ಅಲ್ಲಿ ಏನೂ ಬರಬಾರದು. ಬಂದರೆ ಒಳಗೆ ಸೋರಿಕೆ ಇದೆ, ಬದಲಿಸಲೇಬೇಕು. ಮ್ಯಾಗ್ನೆಟ್‌ನ ಎರಡು ವೈರ್‌ಗಳಲ್ಲಿ ಪ್ಲಸ್ ಮೈನಸ್ ಅಂತ ಭೇದ ಇಲ್ಲ, ಯಾವುದನ್ನು ಎಲ್ಲಿಗೆ ಕೊಟ್ಟರೂ ನಡೆಯುತ್ತದೆ. ಇವನು ಬದಲಿಸಿದ ಹಳೇ ಮ್ಯಾಗ್ನೆಟ್ ಚೀಲದಲ್ಲೇ ಇತ್ತು. ಅಳೆದೆವು, 3.9 ಬಂತು. ಅದನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಜೋಪಾನ ಮಾಡು ಅಂದೆ.

ಕರೆಂಟ್ ಎಲ್ಲ ಸರಿ ಇದ್ದೂ ಹಿಡಿತ ಇಲ್ಲ ಅಂದರೆ ಡ್ರಮ್ ಬಿಚ್ಚಿ. ಬೇರಿಂಗ್ ಗ್ರೀಸ್ ಶೂ ಮೇಲೆ ಬಂದಿರಬಹುದು. ಶೂ ತುಂಬಾ ಸಡಿಲ ಇರಬಹುದು. ಶೂಗಳು ಕೂತಿರುವ ಎಡ ಬಲ ಪ್ಲೇಟ್ ಅದಲುಬದಲು ಆಗಿರಬಹುದು. ಲೈನಿಂಗ್ ಗಿಡ್ಡ ಇರುವ ಶೂ ಮುಂದಕ್ಕೆ ಇರಬೇಕು.

ಕಂಟ್ರೋಲರ್‌ಗೆ ಸುದ್ದಿ ಮುಟ್ಟುತ್ತಿದೆಯೇ

ಕೈ ಬಟನ್ ಒತ್ತಿದರೆ ಗಾಲಿ ಹಿಡಿಯುತ್ತದೆ, ಬೈಕಿನ ಬ್ರೇಕ್ ಹಾಕಿದರೆ ಹಿಡಿಯುವುದಿಲ್ಲ ಅನ್ನೋದು ಬೇರೆ ದೋಷ. ಆಗ ಕೆಂಪು ವೈರಿನ ಕಡೆ ಹೋಗಿ. ಮುಂದಿನ ಲಿವರ್‌ಗೆ ಒಂದು ಸ್ವಿಚ್, ಕಾಲಿನ ಪೆಡಲ್‌ಗೆ ಒಂದು ಸ್ವಿಚ್. ಎರಡೂ ಸೇರಿ ಹಿಂದಿನ ಸ್ಟಾಪ್ ಲೈಟಿಗೆ ಹೋಗುತ್ತವೆ. ಕೆಂಪು ವೈರನ್ನು ಎರಡೂ ಸೇರಿದ ಮೇಲಿನ ಜಾಗದಲ್ಲಿ ಕೊಡಬೇಕು. ಒಂದೊಂದೇ ಬ್ರೇಕ್ ಒತ್ತಿ ಅಲ್ಲಿ 12 ಬರುತ್ತದೆಯೇ ನೋಡಿ. ಪೆಡಲ್‌ನ ಸ್ವಿಚ್‌ಗೆ ಕೆಸರು ಬಡಿಯುವುದು ಜಾಸ್ತಿ, ಕೆಡುವುದೂ ಅದೇ ಜಾಸ್ತಿ.

ಕಂಟ್ರೋಲರ್‌ನಲ್ಲಿ ಎರಡು ಬಗೆ. ಒಂದು ವೇಗ ಇಳಿಯುವುದನ್ನು ತಾನೇ ಗ್ರಹಿಸಿ ಅಷ್ಟೇ ಕರೆಂಟ್ ಕೊಡುತ್ತದೆ. ಇನ್ನೊಂದು ಸ್ಟಾಪ್ ಲೈಟ್ ಹೊತ್ತಿದ ಮೇಲೆ ನಿಗದಿತ ಸಮಯದಲ್ಲಿ ನಿಧಾನವಾಗಿ ಏರಿಸುತ್ತದೆ. ಕಾರಿಗೆ ಮೊದಲನೆಯದೇ ಚಲೋ. ಬೈಕಿಗೆ ನನ್ನ ಆಯ್ಕೆ ಎರಡನೆಯದು. ಸಿಂಗಲ್ ಸಿಲಿಂಡರ್ ಇಂಜಿನ್ನಿನ ನಡುಕ, ವಾಲಾಟ, ಹೊಲದ ದಾರಿಯ ಕುಲುಕಾಟ, ಇಷ್ಟರ ನಡುವೆ ಗ್ರಹಿಸುವ ಸಾಧನವನ್ನು ನೆಟ್ಟಗೆ ಕೂರಿಸೋದು ಕಷ್ಟ.

ಬ್ರೇಕ್ ಬಿಡದೇ ಹೋದರೆ

ಇದು ಉಲ್ಟಾ ದೋಷ, ಇನ್ನೂ ಅಪಾಯದ್ದು. ಬೈಕ್ ಎಳೆಯಲು ಒದ್ದಾಡುತ್ತದೆ, ಗಾಲಿಯ ಹಬ್ ಹತ್ತಿರ ಕೈ ಒಯ್ದರೆ ಬಿಸಿ ಹೊಡೆಯುತ್ತದೆ. ಮೊದಲು ಪ್ಲಗ್ ಕಿತ್ತು ಗಾಲಿ ತಿರುಗಿಸಿ. ಈಗ ಬಿಟ್ಟಿತೇ? ಹಾಗಾದರೆ ಕರೆಂಟ್ ಬೈಕಿನಿಂದ ಬರುತ್ತಿದೆ. ಸ್ಟಾಪ್ ಲೈಟ್ ಸದಾ ಹೊತ್ತಿಕೊಂಡಿದೆಯೇ ನೋಡಿ, ಪೆಡಲ್ ಸ್ವಿಚ್‌ನ ಸ್ಪ್ರಿಂಗ್ ಬಿಗಿಯಾಗಿದ್ದರೆ ಹೀಗಾಗುತ್ತದೆ. ಅದೂ ಸರಿ ಇದ್ದರೆ ಪ್ಲಗ್ ಒಳಗೆ ನೀರು, ಮಣ್ಣು ಸೇರಿ ಪಾರ್ಕಿಂಗ್ ಲೈಟಿನ ಪಿನ್‌ನಿಂದ ಬ್ರೇಕ್ ಪಿನ್‌ಗೆ ಕರೆಂಟ್ ಹಾಯುತ್ತಿರಬಹುದು.

ಪ್ಲಗ್ ಕಿತ್ತರೂ ಬಿಡಲಿಲ್ಲ ಅಂದರೆ, ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಯುವ ಸ್ವಿಚ್ ಮತ್ತು ಅದರ ಪುಟ್ಟ ಬ್ಯಾಟರಿ ನಿಮ್ಮ ಟ್ರೇಲರ್‌ನಲ್ಲಿ ಇದೆಯೇ ನೋಡಿ. ಅದರ ಪಿನ್ ಅರ್ಧ ಹೊರಗೆ ಬಂದಿದ್ದರೂ ಬ್ರೇಕ್ ಹಿಡಿದೇ ಇರುತ್ತದೆ, ಆ ಬ್ಯಾಟರಿಯೂ ಖಾಲಿ ಆಗುತ್ತದೆ. ಅದೂ ಇಲ್ಲದಿದ್ದರೆ ದೋಷ ಡ್ರಮ್ ಒಳಗಿನ ಸ್ಪ್ರಿಂಗ್ ಅಥವಾ ತುಕ್ಕು ಹಿಡಿದ ತೋಳಿನದು.

ಬೈಕಿನ ಬ್ಯಾಟರಿ ಕಾರಿನದ್ದಲ್ಲ ಅನ್ನೋದೂ ನೆನಪಿರಲಿ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಸದಾ ಹೊತ್ತಿರುತ್ತದೆ. ಇಂಜಿನ್ ಸ್ಲೋ ಇದ್ದಾಗ ಚಾರ್ಜಿಂಗ್‌ನಲ್ಲಿ ಉಳಿಯುವುದು ಕಡಿಮೆ. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟು ಬ್ರೇಕ್ ಹಿಡಿದೇ ಇಳಿದರೆ ಆ 6 ಆಂಪಿಯರ್‌ನ ಬಹುಪಾಲು ಬ್ಯಾಟರಿಯೇ ಕೊಡಬೇಕು. ಬ್ರೇಕ್ ಒತ್ತಿದಾಗ ಬ್ಯಾಟರಿ 12ಕ್ಕಿಂತ ಸಾಕಷ್ಟು ಕೆಳಗೆ ಇಳಿಯುತ್ತಿದ್ದರೆ ಮೊದಲು ಅದನ್ನು ನೋಡಿ.

ಸರಿಪಡಿಸಿದ ಮೇಲೆ

ಹೊಸ ಅರ್ಥ್ ವೈರ್, ಹೊಸ ತಿಂಬಲ್, ತೊಳೆದ ಪ್ಲಗ್. ಮತ್ತೆ ಅದೇ ನಾಲ್ಕು ಅಳತೆ. ಬ್ಯಾಟರಿ 12.2, ಪ್ಲಸ್ ದಾರಿ 0.4, ಅರ್ಥ್ ದಾರಿ 0.15, ಮ್ಯಾಗ್ನೆಟ್ 11.65. ಜ್ಯಾಕ್ ಕೊಟ್ಟು ಗಾಲಿ ಜೋರಾಗಿ ತಿರುಗಿಸಿ ಬಟನ್ ಒತ್ತಿದರೆ ಗಕ್ಕನೆ ನಿಂತಿತು.

ಇಲ್ಲಿಗೇ ಬಿಟ್ಟು ಕಳಿಸಬಾರದು. ಪವರ್ ಸೆಟ್ಟಿಂಗ್ ಇನ್ನೂ ತುದಿಯಲ್ಲೇ ಇರುತ್ತದೆ. ಹಾಗೇ ಓಡಿಸಿದರೆ ಖಾಲಿ ಟ್ರೇಲರ್‌ನ ಗಾಲಿ ಲಾಕ್ ಆಗಿ ಜಾರುತ್ತದೆ, ಬೈಕನ್ನು ಪಕ್ಕಕ್ಕೆ ಎಳೆಯುತ್ತದೆ. ತಾರಿಹಾಳದ ಕಡೆ ಪರಿಚಯದವರ ಗೋದಾಮಿನ ಅಂಗಳಕ್ಕೆ ಹೋದೆವು. ಒಣ ನೆಲ, ಸಪಾಟು, ಯಾರೂ ಇಲ್ಲದ ಜಾಗ. ಸೆಟ್ಟಿಂಗ್ ಪೂರ್ತಿ ಕೆಳಗೆ ಇಳಿಸಿ, 20 ಕಿಲೋಮೀಟರ್ ವೇಗದಲ್ಲಿ ಕೈ ಬಟನ್ ಮಾತ್ರ ಒತ್ತಿ ನೋಡುವುದು. ಗಾಲಿ ಲಾಕ್ ಆಗುವ ತನಕ ಸ್ವಲ್ಪ ಸ್ವಲ್ಪವೇ ಏರಿಸಿ, ಲಾಕ್ ಆದ ಕೂಡಲೇ ಒಂದು ಮೆಟ್ಟಿಲು ಇಳಿಸುವುದು. ಖಾಲಿ ಡ್ರಮ್ಮಿಗೆ ಒಂದು ಅಂಕಿ, ತುಂಬಿದ ಡ್ರಮ್ಮಿಗೆ ಒಂದು ಅಂಕಿ. ಎರಡನ್ನೂ ಅವನು ಟ್ಯಾಂಕ್ ಮೇಲೆ ಪೇಂಟ್ ಪೆನ್ನಿನಿಂದ ಬರೆದುಕೊಂಡ.

ಕಾಗದ ಪತ್ರದ ಮಾತನ್ನೂ ಅವನಿಗೆ ಹೇಳಿದೆ. ಬೈಕಿಗೆ ಮಾರ್ಪಾಡು ಮಾಡುವ ವಿಷಯಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಹೊಲದ ದಾರಿ ಬಿಟ್ಟು ಡಾಂಬರ್ ರಸ್ತೆಗೆ ಇಳಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೋ ಅಂದೆ.

ಎರಡು ತಿಂಗಳು ಮಳೆಯಲ್ಲಿ ಓಡಿಸಿ ಮತ್ತೆ ಬಾ ಅಂತ ಹೇಳಿ ಕಳಿಸಿದ್ದೆ. ಬಂದ. ಪ್ಲಗ್ ಮೇಲೆ ಮತ್ತೆ ಎರಿ ಮಣ್ಣು, ಒಳಗೆ ಮಾತ್ರ ವ್ಯಾಸಲಿನ್ ಹಾಗೇ ಇತ್ತು. ಬಟನ್ ಒತ್ತಿಸಿ ಅರ್ಥ್ ದಾರಿ ಅಳೆದೆ. 0.17.